ಎರಡೇ ಪದಾರ್ಥದ ಮಿಠಾಯಿ

ಜೂನ್ ೩

ಗುಬ್ಬಿಗೆ,

ಈ ಭೂಮಂಡಲದಲ್ಲಿ ನಾನು ತೆರೆಯಲಾಗದ ಬೀಗ ಇನ್ನೂ ತಯಾರಾಗಿಲ್ಲ, ನಾನು ಅರಗಿಸಿಕೊಳ್ಳಲಾಗದ ಪದಾರ್ಥ ಇನ್ನೂ ಬೆಳೆದಿಲ್ಲ. ಹದಿನೆಂಟನೇ ವಯಸ್ಸಿನಲ್ಲಿ ಪಂದ್ಯಕ್ಕೆ ಬಿದ್ದು ಹಿತ್ತಾಳೆಯ ಬೀಗವೊಂದನ್ನು ನುಂಗಿ, ಮೂರನೇ ದಿನ ಅದನ್ನು ತೆರೆದ ಸ್ಥಿತಿಯಲ್ಲಿ ಹೊರಗೆ ತಂದವನು ನಾನು. ಕೀಲಿ ಮುಟ್ಟಿರಲಿಲ್ಲ. ನಂಬದಿದ್ದರೆ ನಿಮ್ಮಮ್ಮನನ್ನು ಕೇಳು. ನಾನು ಹೇಳಿದೆ ಎಂದು ಮಾತ್ರ ಹೇಳಬೇಡ.

ಇಂಥ ಸೋದರಮಾವನ ಸೊಸೆಗೆ ಎಂಥ ಹೊಟ್ಟೆಯೇ ಇದು? ನೀನು ಕಳಿಸಿದ ಪಥ್ಯದ ಪಟ್ಟಿಯನ್ನು ಅಂಗಡಿಯ ದೀಪದ ಕೆಳಗೆ ಹಿಡಿದು ಎರಡು ಸಲ ಓದಿದೆ. ಲೋ ಫಾಡ್‌ಮ್ಯಾಪ್ ಅಂತೆ. ಹೆಸರು ಕೇಳಿದರೆ ಯಾವುದೋ ಪಂಪ್‌ಸೆಟ್ಟಿನ ಬಿಡಿಭಾಗ ಎನ್ನಿಸುತ್ತದೆ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಗೋಧಿ ಇಲ್ಲ, ಹಾಲಿಲ್ಲ. ಸೇಬು, ಮಾವು, ಜೇನು, ಗೋಡಂಬಿ ಒಂದೂ ಇಲ್ಲ. ಹಾಗಾದರೆ ಉಳಿದದ್ದೇನು? ಅನ್ನ, ಆಲೂಗಡ್ಡೆ, ಕ್ಯಾರೆಟ್, ಮೊಟ್ಟೆ. ಜ್ವರ ಬಂದ ಮೊಲಕ್ಕೂ ಇದಕ್ಕಿಂತ ರುಚಿಯಾದದ್ದು ಹಾಕುತ್ತಾರೆ. ಓದುತ್ತ ಓದುತ್ತ ಬಾಯಿಗೆ ಸೀಮೆಸುಣ್ಣದ ಪುಡಿ ಸುರಿದ ಹಾಗಾಯಿತು. ಎದ್ದು ಹೋಗಿ ಹೊರಗೆ ಉಗಿದು ಬಂದೆ.

ಇನ್ನೊಂದು ಸಂಗತಿ. ನಿಮ್ಮಪ್ಪ ಅಂಗಡಿಗೆ ಬಂದಿದ್ದ. ಮೂವತ್ತು ವರ್ಷ ಮಂಡಿಯೂರಿ ಜನರ ಮನೆಗೆ ಟೈಲ್ಸ್ ಹಾಕಿದ ಮನುಷ್ಯ, ನೆಲ ಬಿಟ್ಟು ಎದ್ದವರನ್ನು ಕಂಡರೆ ಅವನಿಗೆ ಆಗದು. ಮಗಳು ಕ್ರೇನ್ ನಡೆಸುವುದನ್ನು ಕಲಿಯಲು ಅಷ್ಟೆತ್ತರ ಹತ್ತುತ್ತಾಳೆ ಎಂದರೆ ಕೇಳಬೇಕೆ?

"ಪರೀಕ್ಷೆ ದಿನಾನೇ ಇಳ್ದು ಬರ್ತಾಳೆ, ನೋಡ್ತಿರು" ಅಂದ.

"ಬರಲ್ಲ ಭಾವ."

"ಬಂದ್ರೆ?"

"ಬಂದ್ರೆ ಪಂದ್ಯ ನಿಂದು. ಪಾಸಾದ್ರೆ ನೀನೇ ಅವಳಿಗೆ ಫೋನ್ ಮಾಡಿ ಮಾತಾಡ್ಬೇಕು. ಹೋದಾಗಿಂದ ಒಂದು ಮಾತಾಡಿಲ್ಲ ನೀನು."

ಕೀಲಿ ಉಜ್ಜುವ ನನ್ನ ಅರವನ್ನು ತಿರುಗಿಸಿ ತಿರುಗಿಸಿ ನೋಡಿ, "ಆಯ್ತು" ಅಂದ. ಪಂದ್ಯ ಎಷ್ಟಕ್ಕೆ ಎಂದು ಕೇಳಬೇಡ. ಒಂದು ಟೀ ಎಂದುಕೋ. ಕೀಲಿ ಕತ್ತರಿಸುವ ಕರೆಂಟಿನ ಯಂತ್ರಕ್ಕೆ ಡಬ್ಬಿಯಲ್ಲಿ ಹಣ ಕೂಡಿಡುತ್ತಿದ್ದೇನಲ್ಲ, ಅದು ಭದ್ರವಾಗಿದೆ.

ಇಂತಿ,
ಬೀಗಗಳ ಕಾಲಯಮ, ನಿನ್ನ ಮಾವ

ಜೂನ್ ೧೪

ಮಾವ,

ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಅದಕ್ಕೇ ಈ ಕಾಗದ. ಇದರಲ್ಲಾದರೂ ನೀನು ನಡುವೆ ಬಾಯಿ ಹಾಕಲಾರೆ.

ಕ್ರೇನಿನ ಮೇಲೆ ನಾನು ಕೂರುವ ಗೂಡಿಗೆ ಇನ್ನೂರ ಹನ್ನೆರಡು ಮೆಟ್ಟಿಲಿನ ಏಣಿ. ಹತ್ತಿದರೆ ನಾಲ್ಕು ಗಂಟೆ ಇಳಿಯುವಂತಿಲ್ಲ. ಒಂದು ಕುರ್ಚಿ, ಎರಡು ಹಿಡಿಕೆ, ಕಾಲ ಕೆಳಗೆ ಗಾಜು, ಗಾಜಿನ ಕೆಳಗೆ ಇಡೀ ಕಟ್ಟಡ. ಶೌಚಾಲಯವಿಲ್ಲ. ಈಗ ಹೇಳು, ಹೊಟ್ಟೆ ಚೆಂಡಿನ ಹಾಗೆ ಊದಿಕೊಂಡು ಗುಡುಗಲು ಶುರುಮಾಡಿದರೆ ಏನು ಮಾಡಲಿ? ಕೋಣೆಯಲ್ಲೂ ನನ್ನ ಜೊತೆಯ ಮೂವರು ಹುಡುಗಿಯರು ಏನೂ ಅನ್ನದೆ ಎದ್ದು ಕಿಟಕಿ ತೆರೆಯುತ್ತಾರೆ. ಬೈದರೂ ಸಹಿಸಬಹುದು ಮಾವ, ಆ ಕಿಟಕಿ ತೆರೆಯುವ ಸದ್ದು ಸಹಿಸಲಾಗದು.

ಆಸ್ಪತ್ರೆಯ ಪಥ್ಯದ ಮೇಡಂ ಹೇಳಿದ್ದು ಇಷ್ಟು: ಕೆಲವು ಪದಾರ್ಥ ನನ್ನ ಕರುಳಿನಲ್ಲಿ ಇಂಗುವುದಿಲ್ಲ, ಹಿಟ್ಟು ಹುದುಗಿದ ಹಾಗೆ ಒಳಗೇ ಹುದುಗುತ್ತದೆ. ಆರು ವಾರ ಎಲ್ಲ ಬಿಡಬೇಕು, ಆಮೇಲೆ ಒಂದೊಂದೇ ತಿಂದು ಯಾವುದು ಕಳ್ಳ ಎಂದು ಹಿಡಿಯಬೇಕು. ನಾಲ್ಕು ವಾರವಾಯಿತು. ಹೊಟ್ಟೆ ತಣ್ಣಗಿದೆ. ಊಟ ಮಾತ್ರ ನೀನು ಹೇಳಿದ ಹಾಗೆಯೇ. ಬೇಯಿಸಿದ ಕ್ಯಾರೆಟ್ಟಿನ ವಾಸನೆಗೇ ತಟ್ಟೆ ದೂರ ತಳ್ಳುತ್ತೇನೆ.

ಮೇಡಂ ಒಂದೇ ಒಂದು ಸಿಹಿಗೆ ಒಪ್ಪಿದ್ದಾರೆ. ಕಡಲೆಬೀಜದ ಮಿಠಾಯಿ, ದಿನಕ್ಕೆ ಬೆಂಕಿಪೊಟ್ಟಣದಷ್ಟು ತುಂಡು. ಕಡಲೆಬೀಜ, ಬಿಳಿ ಸಕ್ಕರೆ. ಅಂಗಡಿಯದರಲ್ಲಿ ಜೇನೋ ಹಾಲಿನ ಪುಡಿಯೋ ಏನಾದರೂ ಇದ್ದೇ ಇರುತ್ತದೆ. ಅದಕ್ಕೇ ನೀನೇ ಮಾಡಿ ಕಳಿಸು. ಚಿಕ್ಕವಳಿದ್ದಾಗ ನಿನ್ನ ಅಂಗಡಿಯ ಮಣೆಯ ಮೇಲೆ ಕೂತು ತಿನ್ನುತ್ತಿದ್ದೆನಲ್ಲ, ಅಂಥದ್ದು. ಎರಡೇ ಪದಾರ್ಥ, ಮಾವ. ಮೂರನೆಯದು ಬೇಡ.

ಪರೀಕ್ಷೆ ಜುಲೈ ಹನ್ನೆರಡಕ್ಕೆ. ಬಾಯಿತನಕ ನೀರು ತುಂಬಿದ ಡ್ರಮ್ಮನ್ನು ಕೊಕ್ಕೆಗೆ ಸಿಕ್ಕಿಸಿ, ಕಂಬಗಳ ನಡುವೆ ಸಾಗಿಸಿ, ನೆಲದ ಮೇಲೆ ಬರೆದ ವೃತ್ತದೊಳಗೆ ಇಡಬೇಕು. ನೀರು ತುಳುಕಬಾರದು.

ನಿನ್ನ
ಗುಬ್ಬಿ

ಜುಲೈ ೬

ಗುಬ್ಬಿಗೆ,

ಜೊತೆಗಿರುವ ಡಬ್ಬವನ್ನು ನಿಧಾನವಾಗಿ ತೆರೆ. ಒಳಗಿರುವುದು ಮಿಠಾಯಿಯಲ್ಲ, ಕಲೆ.

ಮಾಡಿದ ಬಗೆ ಕೇಳು. ಬೀಜ ಹುರಿದೆ, ಸಿಪ್ಪೆ ಉಜ್ಜಿ ಊದಿದೆ. ಅರ್ಧ ಸಿಪ್ಪೆ ಪಕ್ಕದಂಗಡಿಯ ಟೈಲರನ ಬಿಳಿ ಬಟ್ಟೆಯ ಮೇಲೆ ಹೋಗಿ ಕೂತಿತು. "ಏನಯ್ಯಾ, ಬೀಗದಂಗ್ಡೀನೋ ಮಿಠಾಯಿ ಅಂಗ್ಡೀನೋ?" ಎಂದು ಕೂಗಾಡಿದ. ಸಕ್ಕರೆಯನ್ನು ಬಾಣಲೆಯಲ್ಲಿ ಕರಗಿಸಿ, ಅದು ಹಿತ್ತಾಳೆ ಬಣ್ಣಕ್ಕೆ ಬಂದ ಕೂಡಲೇ ಬೀಜ ಸುರಿದು, ಎಣ್ಣೆ ಸವರಿದ ಕಬ್ಬಿಣದ ಹಲಗೆಯ ಮೇಲೆ ಹರಡಿದೆ. ಗಟ್ಟಿಯಾದ ಮೇಲೆ ಲೋಹ ಕತ್ತರಿಸುವ ಗರಗಸದಲ್ಲಿ ತುಂಡು ಮಾಡಿದೆ. ಗರಗಸ ತೊಳೆದಿದ್ದೆ. ಸುಮಾರಾಗಿ.

ಆದರೆ ಒಂದು ಮಾತು ಹೇಳುತ್ತೇನೆ. ಮಾದರಿ ಕೀಲಿ ಕೊಟ್ಟರೆ ಅದನ್ನು ಇದ್ದ ಹಾಗೆಯೇ ಕತ್ತರಿಸುವವನು ಕೂಲಿಯವನು. ಒಂದು ಕೂದಲೆಳೆಯಷ್ಟು ತನ್ನ ಕೈಗುಣ ಸೇರಿಸುವವನು ಕುಶಲಕರ್ಮಿ. ಮೊನ್ನೆ ನರ್ಸಮ್ಮ ಒಬ್ಬಳು ನಾನು ಮಾಡಿಕೊಟ್ಟ ಕೀಲಿ ಬಾಗಿಲಿನಲ್ಲೇ ಸಿಕ್ಕಿಕೊಂಡಿತು ಎಂದು ಜಗಳಕ್ಕೆ ಬಂದಳು. "ಅಮ್ಮಾ, ತಪ್ಪು ನಿಮ್ಮ ಬಾಗ್ಲಿಂದು" ಅಂದೆ. ಮೂರು ಹಳ್ಳಿಗೆ ಒಬ್ಬರೇ ಮೇಷ್ಟ್ರಿದ್ದ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವನು ನಾನು. ನನಗೆ ಗೊತ್ತಿರುವುದು ಪಟ್ಟಿ ಬರೆಯುವವರಿಗೆ ಗೊತ್ತಿರುವುದಿಲ್ಲ.

ಪರೀಕ್ಷೆಯ ದಿನಕ್ಕೆಂದೇ ಇಟ್ಟುಕೋ. ಬೆಳಿಗ್ಗೆ ಎರಡು ತುಂಡು ತಿಂದು ಹತ್ತು. ಬೆಂಕಿಪೊಟ್ಟಣದ ಅಳತೆ ಇಲಿಗೆ ವಿಷ ಇಡುವವರದ್ದು.

ಇಂತಿ,
ಮಿಠಾಯಿ ಕಲೆಯ ಏಕೈಕ ಪಂಡಿತ, ನಿನ್ನ ಮಾವ

ಜುಲೈ ೧೫

ಮಾವ,

ಫೇಲಾದೆ.

ನೀನು ಹೇಳಿದ ಹಾಗೆ ಬೆಳಿಗ್ಗೆ ಎರಡು ತುಂಡು ತಿಂದೆ. ರುಚಿ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಅಷ್ಟು ದಿನ ಸಿಹಿ ಕಾಣದ ನಾಲಿಗೆ, ಮೂರನೆಯದನ್ನೂ ತಿಂದೆ. ನನ್ನ ಸರದಿ ಬಂದಾಗ ಹನ್ನೊಂದು ಗಂಟೆ. ಕೆಳಗೆ ಪರೀಕ್ಷಕರು, ತರಬೇತಿಯ ಮೇಷ್ಟ್ರು, ಕಬ್ಬಿಣ ಕಟ್ಟುವವರು, ಕಾಂಕ್ರೀಟಿನವರು ಎಲ್ಲ ತಲೆಯೆತ್ತಿ ನಿಂತಿದ್ದರು.

ಡ್ರಮ್ ಎತ್ತಿದೆ. ಮೊದಲ ಕಂಬ ದಾಟಿದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಬೆವರು ಕಣ್ಣಿಗಿಳಿಯಿತು. ಮೂರನೆಯ ಕಂಬ ದಾಟಿದೆ. ಇನ್ನು ಆಗಲಿಲ್ಲ. ಬ್ರೇಕು ಹಾಕಿ ಏಣಿಗೆ ಓಡಿದೆ. ಭಾರ ಗಾಳಿಯಲ್ಲಿ ತೂಗುತ್ತಿರುವಾಗ ಗೂಡು ಬಿಟ್ಟವರು ಫೇಲು, ಅದು ನಿಯಮ. ಇನ್ನೂರ ಹನ್ನೆರಡು ಮೆಟ್ಟಿಲಲ್ಲಿ ನಾನು ಇಳಿದದ್ದು ಸುಮಾರು ಎಪ್ಪತ್ತು. ಮುಂದಿನದು ಏಣಿಯ ಮೇಲೇ ಆಗಿಹೋಯಿತು.

ಮೇಲೆ ಡ್ರಮ್ಮಿನಿಂದ ಒಂದು ಹನಿ ತುಳುಕಿರಲಿಲ್ಲ ಮಾವ. ತುಳುಕಿದ್ದು ನಾನು.

ಉಳಿದ ಮೆಟ್ಟಿಲುಗಳನ್ನು ಹಾಗೆಯೇ ಇಳಿದೆ. ಬೂಟಿನೊಳಗೂ ಹೋಗಿತ್ತು. ಪರೀಕ್ಷಕರು ಕರವಸ್ತ್ರ ಮೂಗಿಗೆ ಹಿಡಿದು ಕಾಗದದ ಮೇಲೆ ಬರೆದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನೀರಿನ ಪೈಪು ಹಿಡಿದು ಏಣಿಯನ್ನು ನಾನೇ ತೊಳೆದೆ, ಅಷ್ಟೂ ಹೊತ್ತು ಎಲ್ಲರೂ ಬೇರೆ ಕಡೆ ನೋಡುತ್ತ ನಿಂತಿದ್ದರು. ಮೂರು ದಿನದಿಂದ ಸೋಪು ಹಾಕಿ ಉಜ್ಜುತ್ತಿದ್ದೇನೆ. ವಾಸನೆ ಹೋಗಿಲ್ಲ ಅನ್ನಿಸುತ್ತದೆ. ನನ್ನ ಮೈಯನ್ನು ಕಂಡರೆ ನನಗೇ ಹೇಸಿಗೆ.

ಅದರಲ್ಲಿ ಎರಡೇ ಪದಾರ್ಥ ಇತ್ತು ತಾನೇ?

ಗುಬ್ಬಿ

ಜುಲೈ ೨೩

ಗುಬ್ಬಿಗೆ,

ಓದಿದೆ. ಮತ್ತೆ ಓದಲಿಲ್ಲ.

ನೋಡು, ಆ ಬೀಜ ಮಾರುವವನು ಮಹಾ ಕೊಳಕ. ಈಗ ಹೋಗಿ ನೋಡಿದೆ, ಚೀಲದ ತಳದಲ್ಲಿ ಜೇಡರ ಬಲೆ, ಹುಳದ ಗೂಡು. ಕೈ ಹಾಕಿದರೆ ಬೂಸಲು ಪುಡಿ ಬೆರಳಿಗೆ ಮೆತ್ತಿಕೊಂಡಿತು. ನಡುಬೀದಿಯಲ್ಲಿ ಹಿಡಿದು ಅವನಿಗೆ ಹಿಗ್ಗಾಮುಗ್ಗಾ ಬೈದೆ, ಇನ್ನು ಮೂರು ತಲೆಮಾರು ಅವನ ಮನೆಯಲ್ಲಿ ಯಾರೂ ಬೀಜ ಮಾರಲಾರರು. ತಪ್ಪೆಲ್ಲ ಹಳೆಯ ಬೀಜದ್ದು. ಎಲ್ಲರಿಗೂ ಒಮ್ಮೆ ಆಗುವುದೇ, ನನಗೂ ಆಗಿದೆ. ಇಲ್ಲ, ನನಗೆ ಆಗಿಲ್ಲ. ಆದರೆ ನನ್ನಂಥವರಿಗೆ ಆಗಿದೆ.

ನಿಮ್ಮಪ್ಪನಿಗೆ ಸುದ್ದಿ ಮುಟ್ಟಿದೆ. ಪಂದ್ಯದ ಲೆಕ್ಕ ಚುಕ್ತಾ ಮಾಡಿದೆ. ಒಂದು ಟೀ ಹೋಯಿತು, ಅಷ್ಟೆ.

ಇಂತಿ,
ನಿನ್ನ ಮಾವ

ಆಗಸ್ಟ್ ೮

ಮಾವ,

ಮೇಡಂಗೆ ನಡೆದದ್ದು ಹೇಳಿದೆ. ಮಿಠಾಯಿಯಲ್ಲಿ ಏನೇನಿತ್ತು ಎಂದು ಕೇಳಿದರು. ಕಡಲೆಬೀಜ, ಸಕ್ಕರೆ ಅಂದೆ. "ಹಾಗಾದ್ರೆ ನಿಮಗೆ ಕಡ್ಲೆಬೀಜಾನೇ ಆಗ್ತಿಲ್ಲ ಅಂತ ಕಾಣತ್ತೆ" ಎಂದು ಪಟ್ಟಿಯಲ್ಲಿ ಅದನ್ನೂ ಹೊಡೆದುಹಾಕಿದರು. ಎಲ್ಲ ಬಗೆಯ ಬೀಜವೂ ಸದ್ಯಕ್ಕೆ ಬಂದ್. ಸಿಹಿಯ ಸಾಲು ಪೂರ್ತಿ ಖಾಲಿ.

ಉಳಿದ ಮಿಠಾಯಿ ಎಸೆಯಲು ಹೋದೆ. ಮಳೆಯ ಹವೆಗೆ ಕರಗಿ ತುಂಡುಗಳೆಲ್ಲ ಮುದ್ದೆಯಾಗಿ, ಇರುವೆ ಮುತ್ತಿ, ಕಪ್ಪಗೆ ಅಲುಗಾಡುತ್ತಿತ್ತು. ನೋಡಿದ ಕೂಡಲೇ ಅಲ್ಲೇ ವಾಂತಿಯಾಯಿತು. ಇನ್ನು ಬದುಕಿರುವತನಕ ಕಡಲೆಬೀಜದ ವಾಸನೆ ಬೇಡ. ನಿನ್ನ ಅಂಗಡಿಯ ಮಣೆ ನೆನಪಾದರೂ ಈಗ ಎದ್ದು ಹೋಗಿ ಬಾಯಿ ಮುಕ್ಕಳಿಸುತ್ತೇನೆ. ಅದೊಂದೇ ದುಃಖ.

ಮರುಪರೀಕ್ಷೆ ನವೆಂಬರಿನಲ್ಲಿ. ಶುಲ್ಕ ಇಪ್ಪತ್ತು ಸಾವಿರ, ಸೆಪ್ಟೆಂಬರ್ ಕೊನೆಯೊಳಗೆ ಕಟ್ಟಬೇಕು. ನನ್ನಲ್ಲಿಲ್ಲ. ನಿನ್ನನ್ನು ಕೇಳುತ್ತಿಲ್ಲ, ನಿನ್ನ ಯಂತ್ರದ ಹಣ ಮುಟ್ಟಬೇಡ. ಇಲ್ಲೇ ಉಗ್ರಾಣದಲ್ಲಿ ಹೆಲ್ಮೆಟ್ಟು, ಕೈಗವಸು ಎಣಿಸಿ ಕೊಡುವ ಕೆಲಸ ಖಾಲಿಯಿದೆ. ನೆಲದ ಮೇಲಿನ ಕೆಲಸ. ಬಾಗಿಲ ಪಕ್ಕದಲ್ಲೇ ಶೌಚಾಲಯ. ಅಪ್ಪ ಗೆದ್ದ ಹಾಗಾಯಿತು.

ಗುಬ್ಬಿ

ಆಗಸ್ಟ್ ೩೦

ಗುಬ್ಬಿಗೆ,

ಕುಶಲೋಪರಿಯ ಸಾಲು ಬರೆದು ಹೊಡೆದುಹಾಕಿದೆ. ನೇರವಾಗಿ ವಿಷಯಕ್ಕೆ ಬರುತ್ತೇನೆ, ಬಂದಷ್ಟೂ ಸುತ್ತಿಕೊಂಡೇ ಬರುತ್ತೇನೆ, ಸಹಿಸಿಕೋ.

ನಿನ್ನ ಕಾಗದ ಬಂದ ಮಾರನೆಯ ದಿನದಿಂದ ನಿನ್ನ ಪಟ್ಟಿಯ ಊಟ ಮಾಡುತ್ತಿದ್ದೇನೆ. ಯಾರೂ ಹೇಳಲಿಲ್ಲ, ನಾನೇ ನನಗೆ ಹಾಕಿಕೊಂಡ ಶಿಕ್ಷೆ. ಎರಡನೇ ದಿನ ಬೇಯಿಸಿದ ಕ್ಯಾರೆಟ್ ಬಾಯಲ್ಲಿಟ್ಟರೆ ಒದ್ದೆ ಸೋಪು ಅಗಿದ ಹಾಗಿತ್ತು. ಐದನೇ ದಿನ ಈರುಳ್ಳಿಯಿಲ್ಲದ ಮೊಟ್ಟೆಯನ್ನು ನೋಡಿದೆ, ಅದು ನನ್ನನ್ನು ನೋಡಿತು, ಇಬ್ಬರಿಗೂ ಅಸಹ್ಯವಾಯಿತು. ಟೈಲರ್ ತನ್ನ ಊಟದ ಡಬ್ಬಿ ತೆರೆದರೆ ನಾನು ಎದ್ದು ಬೀದಿಗೆ ಹೋಗುತ್ತೇನೆ. ಇಪ್ಪತ್ತು ದಿನಕ್ಕೆ ನಾನು ಹೀಗಾಗಿದ್ದೇನೆ. ನೀನು ಎಂಟು ವಾರ ತಿಂದೆ, ತಿಂದುಕೊಂಡೇ ಏಣಿ ಹತ್ತಿದೆ.

ಬೀಜದವನ ಚೀಲದಲ್ಲಿ ಹುಳ ಇರಲಿಲ್ಲ. ನಾನು ಅವನಿಗೆ ಬೈದೂ ಇಲ್ಲ. ಬೀಜ ಚೆನ್ನಾಗಿತ್ತು.

ಮಿಠಾಯಿಯಲ್ಲಿ ನಾಲ್ಕು ಪದಾರ್ಥ ಇತ್ತು. ಅರ್ಧದಷ್ಟು ಗೋಡಂಬಿ, ಚೆನ್ನಾಗಿ ಪುಡಿ ಮಾಡಿ ಹಾಕಿದ್ದೆ, ನಿನಗೆ ಕಾಣದ ಹಾಗೆ. ಮೇಲೆ ಜೇನು, ಒಂದು ಲೋಟ. ಎರಡೂ ನಿನ್ನ ಪಟ್ಟಿಯಲ್ಲಿ ಬೇಡವೆಂದು ಬರೆದಿತ್ತು. ನಾನು ಓದಿದ್ದೆ. ನಮ್ಮ ಮಗು ಬರೀ ಸಕ್ಕರೆ, ಬರೀ ಕಡಲೆಬೀಜ ತಿನ್ನುವಷ್ಟು ಗತಿಗೆಟ್ಟಿಲ್ಲ ಎನ್ನುವ ಜಂಬ. ದುಬಾರಿಯದು ಹೇಗೆ ಕೆಟ್ಟದ್ದು ಮಾಡೀತು ಎನ್ನುವ ಪೆದ್ದುತನ. ಕೂದಲೆಳೆಯಷ್ಟು ಕೈಗುಣ.

ಅಂಗಡಿಯಲ್ಲಿ ಅದೇ ಹದದ ಎರಡು ಕಿಲೋ ಉಳಿದಿತ್ತು. ಎಸೆಯಲಿಲ್ಲ. ನಿನ್ನ ಕಾಗದ ಎದುರಿಗಿಟ್ಟುಕೊಂಡು ತಿನ್ನುತ್ತ ಕೂತೆ, ಇರುವೆ ಊದಿ ಊದಿ. ಆರನೇ ತುಂಡಿಗೆ ಜೇನು ಗಂಟಲಿನಲ್ಲಿ ಗೋಂದಿನ ಹಾಗೆ ನಿಂತಿತು. ಬಚ್ಚಲಲ್ಲಿ ಕಕ್ಕಿದೆ. ಬೀಗ ನುಂಗಿದವನು ಎಂದು ಹೇಳಿಕೊಂಡವನು ನಾನು! ಬಚ್ಚಲ ಕನ್ನಡಿಯಲ್ಲಿ ಕಂಡ ಮುಖಕ್ಕೇ ಉಗಿಯಬೇಕು ಅನ್ನಿಸಿತು.

ಈ ಕಾಗದವನ್ನು ನಿನ್ನ ಮೇಡಂಗೆ ತೋರಿಸು. ಕಳ್ಳ ಕಡಲೆಬೀಜವಲ್ಲ ಎಂದು ಹೇಳು. ಅದನ್ನು ಪಟ್ಟಿಗೆ ವಾಪಸು ಸೇರಿಸಲಿ. ನನ್ನನ್ನು ಹೊಡೆದುಹಾಕಿದರೂ ಸರಿ.

ಪಂದ್ಯದ ಬಗ್ಗೆ ಹೇಳಿದ್ದರಲ್ಲೂ ಸಣ್ಣ ತಿದ್ದುಪಡಿ. ಟೀ ಜೊತೆಗೆ ಎರಡು ಬಿಸ್ಕತ್ತೂ ಹೋಯಿತು.

ಇಂತಿ,
ಮಾವ

ಅಕ್ಟೋಬರ್ ೪

ಮಾವನಿಗೆ,

ಒಂದು ತಿಂಗಳು ಬರೆಯಲಿಲ್ಲ. ಬರೆದಿದ್ದರೆ ನೀನು ಓದಬಾರದ ಮಾತು ಬರೆಯುತ್ತಿದ್ದೆ. ಈಗಲೂ ಕೋಪ ಹೋಗಿಲ್ಲ. ಪುಡಿ ಮಾಡಿ, ನನಗೆ ಕಾಣದ ಹಾಗೆ, ಎಂದು ಬರೆದಿದ್ದೀಯಲ್ಲ, ಆ ಸಾಲು ಓದಿದಾಗಲೆಲ್ಲ ಏಣಿ ನೆನಪಾಗುತ್ತದೆ. ಏಣಿ ನೆನಪಾದರೆ ವಾಸನೆ ಬರುತ್ತದೆ.

ಮೇಡಂ ನಿನ್ನ ಕಾಗದ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಮಾವ ಇಲ್ಲಿಗೆ ಬಂದ್ರೆ ನಂಗೂ ಒಂದ್ಸಲ ಹೇಳಿ, ಅವರ ಕಿವಿ ಹಿಂಡೋದಿದೆ" ಅಂದರು. ಕಡಲೆಬೀಜವನ್ನು ಪಟ್ಟಿಗೆ ವಾಪಸು ಬರೆದರು.

ಹತ್ತು ದಿನದ ಹಿಂದೆ ಅಮ್ಮ ಬಂದಿದ್ದಳು. ಒಂದು ಲಕೋಟೆ ಕೊಟ್ಟಳು. ಸರಿಯಾಗಿ ಇಪ್ಪತ್ತು ಸಾವಿರ. "ನಿಮ್ಮಪ್ಪ ಕೊಡು ಅಂದ್ರು. ಯಾಕೆ, ಏನು ಅಂತ ಕೇಳ್ಬೇಡ ಅಂದ್ರು" ಅಂದಳು. ಒಂದು ಚೀಟಿಯೂ ಇಲ್ಲ. ಶುಲ್ಕ ಕಟ್ಟಿದೆ. ಉಗ್ರಾಣಕ್ಕೆ ಹೋಗಲಿಲ್ಲ.

ಮಿಠಾಯಿ ಬೇಕಾದರೆ ಕಳಿಸು. ಎರಡು ಪದಾರ್ಥ. ಟೈಲರ್ ಎದುರಿಗೆ ಕೂತಿರಬೇಕು, ಮೊದಲಿನಿಂದ ಕೊನೆಯತನಕ ನೋಡಿ ಸಹಿ ಹಾಕಬೇಕು. ನಿನ್ನ ಸಹಿ ನನಗೆ ಬೇಡ.

ಗುಬ್ಬಿ

ಅಕ್ಟೋಬರ್ ೧೮

ಗುಬ್ಬಿಗೆ,

ಟೈಲರ್ ಕುರ್ಚಿ ಹಾಕಿಕೊಂಡು ಕೂತ. ನನ್ನ ಜೇಬು ತಡಕಿದ. ಬಾಣಲೆಯನ್ನು ಮೂಸಿದ. ಪೊಲೀಸಿನವನ ಹಾಗೆ ಸಕ್ಕರೆಯ ಹರಳು ಹರಳನ್ನೂ ವಿಚಾರಿಸಿದ. ಹೊಸ ಗರಗಸದ ಅಲಗು ತಂದೆ, ಕುದಿಯುವ ನೀರಿನಲ್ಲಿ ಅದ್ದಿದೆ. ತುಂಡುಗಳನ್ನು ಬೆಂಕಿಪೊಟ್ಟಣ ಪಕ್ಕದಲ್ಲಿಟ್ಟು ಅಳೆದು ಕತ್ತರಿಸಿದೆ. ಕೈ ಎರಡು ಸಲ ಗೋಡಂಬಿ ಡಬ್ಬಿಯ ಕಡೆ ತಾನಾಗಿಯೇ ಹೋಯಿತು, ದೇವರಾಣೆಗೂ ಅಭ್ಯಾಸಬಲ. ಎರಡು ಸಲವೂ ಟೈಲರ್ ಅಳತೆಕೋಲಿನಿಂದ ಬೆರಳಿನ ಗಂಟಿನ ಮೇಲೆ ಬಾರಿಸಿದ.

ಕೆಳಗೆ ಅವನ ಕೈಬರಹ:
"ನಾನು ಕಣ್ಣಾರೆ ಕಂಡಿದ್ದೇನೆ. ಕಡಲೆಬೀಜ, ಸಕ್ಕರೆ, ಹಲಗೆಗೆ ಸವರಿದ ಚೂರು ಎಣ್ಣೆ. ಬೇರೇನೂ ಇಲ್ಲ. ಈತ ಬಾಯಿ ಮಾತ್ರ ಮುಚ್ಚಲಿಲ್ಲ. — ಟೈಲರ್"

ಇಂತಿ,
ಮಾವ

ನವೆಂಬರ್ ೨೨

ಮಾವ,

ಪಾಸಾದೆ.

ನಿನ್ನ ಡಬ್ಬವನ್ನು ಮೊದಲ ವಾರ ತೆರೆಯಲೇ ಇಲ್ಲ. ಎರಡನೇ ವಾರ ಮುಚ್ಚಳ ಸರಿಸಿದೆ, ವಾಸನೆ ತಾಗಿದ ಕೂಡಲೇ ಮುಚ್ಚಿಬಿಟ್ಟೆ. ಆಮೇಲೆ ಒಂದು ಭಾನುವಾರ, ಎಲ್ಲಿಗೂ ಹೋಗುವ ಕೆಲಸವಿಲ್ಲದ ದಿನ, ಶೌಚಾಲಯದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಒಂದು ತುಂಡು ಬಾಯಲ್ಲಿಟ್ಟೆ. ಸಂಜೆಯವರೆಗೆ ಕಾದೆ. ಏನೂ ಆಗಲಿಲ್ಲ. ಮರುದಿನ ಇನ್ನೊಂದು. ಏನೂ ಆಗಲಿಲ್ಲ. ಕೋಣೆಯಲ್ಲಿ ಕಿಟಕಿ ಮುಚ್ಚಿಯೇ ಇತ್ತು.

ಪರೀಕ್ಷೆಯ ದಿನ ಖಾಲಿ ಹೊಟ್ಟೆಯಲ್ಲಿ ಹತ್ತಿದೆ, ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು. ಅದೇ ಪರೀಕ್ಷಕರು, ಅದೇ ಕರವಸ್ತ್ರ. ನನ್ನನ್ನು ನೋಡಿ ಮೊದಲೇ ಜೇಬಿನಿಂದ ತೆಗೆದು ಹಿಡಿದುಕೊಂಡಿದ್ದರು. ಡ್ರಮ್ಮನ್ನು ವೃತ್ತದ ನಟ್ಟನಡುವೆ ಇಟ್ಟೆ. ಆಮೇಲೆ ಇಳಿಯಲಿಲ್ಲ. ಅಲ್ಲೇ ಕೂತು ತುಂಡನ್ನು ಕಚ್ಚಿದೆ. ಕಟುಕಟು ಸದ್ದು ಬಿಟ್ಟರೆ ಅಷ್ಟೆತ್ತರದಲ್ಲಿ ಏನೂ ಕೇಳುತ್ತಿರಲಿಲ್ಲ. ನಿನ್ನ ಮಣೆಯ ರುಚಿಯೇ, ನೀನು ಬೀಗಕ್ಕೆ ಬಿಡುವ ಎಣ್ಣೆಯ ವಾಸನೆಯೊಂದು ಕಡಿಮೆ. ಆಮೇಲೆ ಕೆಳಗಿನಿಂದ ಮೇಷ್ಟ್ರು ಮೈಕು ಹಿಡಿದು, "ಏಯ್, ಇಳೀತೀಯೋ ಅಲ್ಲೇ ಸಂಸಾರ ಹೂಡ್ತೀಯೋ?" ಎಂದು ಕೂಗುತ್ತಿದ್ದರು. ಪೂರ್ತಿ ತಿಂದೇ ಇಳಿದೆ.

ಎಣ್ಣೆ ವಾಸನೆ ಅಂದೆನಲ್ಲ. ಅಪ್ಪನ ಲಕೋಟೆಯ ನೋಟುಗಳಿಗೆ ಅದೇ ವಾಸನೆಯಿತ್ತು. ಹಿತ್ತಾಳೆ ಪುಡಿ ಬೆರಳಿಗೆ ಹತ್ತಿತು. ಟೈಲ್ಸ್ ಹಾಕುವವರ ಹಣಕ್ಕೆ ಸಿಮೆಂಟಿನ ವಾಸನೆ ಇರುತ್ತದೆ ಮಾವ. ಅದು ನಿನ್ನ ಡಬ್ಬಿಯ ಹಣ. ಪಂದ್ಯ ಟೀಗೆ ಕಟ್ಟಿದ್ದಲ್ಲ. ಇಪ್ಪತ್ತು ಸಾವಿರವೂ ನೀನು ನನ್ನ ಮೇಲೆ ಕಟ್ಟಿ ಸೋತದ್ದು, ಅಪ್ಪ ಗೆದ್ದ ಹಣವನ್ನು ಕೈಯಲ್ಲಿಟ್ಟುಕೊಳ್ಳಲು ನಾಚಿ ಇತ್ತ ದಾಟಿಸಿದ್ದಾನೆ, ಅಷ್ಟೆ. ಅಲ್ಲವೇ?

ಅಪ್ಪನಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಬೇಕೆಂದಿದ್ದೆ. ಇನ್ನು ಮಾಡುವುದಿಲ್ಲ. ಹೇಳಬೇಕಾದದ್ದು ನಿನಗೆ. ಹೇಳಿದ್ದೇನೆ.

ನಿನ್ನ
ಗುಬ್ಬಿ

ಡಿಸೆಂಬರ್ ೨

ಗುಬ್ಬಿಗೆ,

ನೀನು ಪಾಸಾದ ಸುದ್ದಿಯನ್ನು ಬೀದಿಗೆಲ್ಲ ಹೇಳಿದ್ದೇನೆ. ಡ್ರಮ್ಮಿನ ತೂಕ ನಾನು ಹೇಳುವಾಗ ಆನೆಯಷ್ಟಿತ್ತು, ಟೈಲರ್ ಮುಂದಿನವರಿಗೆ ಹೇಳುವಾಗ ಎರಡು ಆನೆಯಷ್ಟಾಗಿತ್ತು.

ಇಪ್ಪತ್ತು ಸಾವಿರವೂ ನನ್ನದೇ ಎಂದು ನೀನಾಗಿಯೇ ಬರೆದಿದ್ದೀಯ. ಆ ಸಾಲನ್ನು ಕತ್ತರಿಸಿ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ನೇತುಹಾಕುವಷ್ಟು ಆಸೆಯಾಯಿತು. ಇಂಥ ಹೆಸರು ಬಿಟ್ಟಿ ಸಿಗುವುದು ಅಪರೂಪ. ಒಂದು ವಾರ ಹಾಗೇ ಇಟ್ಟುಕೊಂಡು ಸುಖಪಟ್ಟೆ. ಆದರೆ ನೀನು ಅವನಿಗೆ ಫೋನ್ ಮಾಡುವುದಿಲ್ಲ ಎಂದು ಬರೆದಿರುವುದರಿಂದ ಇದನ್ನು ಬರೆಯಬೇಕಾಗಿದೆ. ನನ್ನ ಕೈ ಬರೆಯಲು ಒಪ್ಪುತ್ತಿಲ್ಲ, ತಳ್ಳಿ ಬರೆಯುತ್ತಿದ್ದೇನೆ.

ಪಂದ್ಯ ಡಬ್ಬಿಗೇ ಕಟ್ಟಿದ್ದೆ, ನಿಜ. ಒಳಗೆ ಎಷ್ಟಿದೆಯೋ ಅಷ್ಟು. ನೀನು ಇಳಿದುಬಂದ ಸುದ್ದಿ ಬಂದ ದಿನ ನಿಮ್ಮಪ್ಪ ಬಂದು ಡಬ್ಬಿಯ ಹಣವನ್ನು ಮಣೆಯ ಮೇಲೆ ಸುರಿದು ಎರಡು ಸಲ ಎಣಿಸಿದ. "ಒಳ್ಗೆ ಎಷ್ಟಿತ್ತು ಅಂತ ಗೊತ್ತಾ ನಿಂಗೆ?" ಅಂದ. "ತಗೊಂಡು ನಡಿ ಆಚೆ" ಅಂದೆ. ಆ ಹೊತ್ತಿಗೆ ಅವನ ಮುಖ ಕಂಡರೆ ನನಗೆ ಕಸದ ತೊಟ್ಟಿ ಕಂಡ ಹಾಗಾಗುತ್ತಿತ್ತು. ಗೆದ್ದವನ ಮುಖವಾಗಿರಲಿಲ್ಲ ಅದು ಎನ್ನುವುದು ಆಮೇಲೆ ಹೊಳೆಯಿತು.

ನೀನು ಉಗ್ರಾಣಕ್ಕೆ ಹೋಗುತ್ತೀಯ ಎಂದು ಬರೆದದ್ದನ್ನು ಅವನಿಗೆ ಓದಿ ಹೇಳಿದ್ದು ನಾನೇ. ಕೇಳಿಸಿಕೊಂಡ.

"ಇನ್ನೊಂದ್ ಸಲ ಪರೀಕ್ಷೆಗೆ ಫೀಸ್ ಎಷ್ಟಂತೆ?"

"ಇಪ್ಪತ್ತು."

ಬೆರಳು ಮಡಿಸಿ ಏನೋ ಲೆಕ್ಕ ಹಾಕಿ ಎದ್ದುಹೋದ.

ಬಸ್ ನಿಲ್ದಾಣದ ಹಿಂದಿನ ಸಾರ್ವಜನಿಕ ಶೌಚಾಲಯ ನಿನಗೆ ಗೊತ್ತಲ್ಲ, ಮೂಗು ಮುಚ್ಚಿಕೊಂಡು ಆ ಬೀದಿ ದಾಟುತ್ತಿದ್ದೆವು. ಅದರ ನೆಲದ ಕೆಲಸಕ್ಕೆ ಗುತ್ತಿಗೆದಾರ ಎರಡು ವರ್ಷದಿಂದ ಕರೆಯುತ್ತಿದ್ದ. "ಹೇಲಿನ ಮೇಲೆ ಮಂಡಿಯೂರೋ ಗತಿ ನಂಗಿನ್ನೂ ಬಂದಿಲ್ಲ" ಎಂದು ನಿಮ್ಮಪ್ಪ ಅವನನ್ನು ಬೈದು ಅಟ್ಟಿದ್ದು ನಿನಗೂ ನೆನಪಿರಬೇಕು. ಸೆಪ್ಟೆಂಬರಿನಲ್ಲಿ ಮೂರು ಭಾನುವಾರ ಅಲ್ಲಿ ಮಂಡಿಯೂರಿದ. ಹಳೆಯ ಕಲ್ಲು ಕಿತ್ತರೆ ಕೆಳಗಿನಿಂದ ಏನು ಉಕ್ಕಿತೆಂದು ನಾನು ಬರೆಯುವುದಿಲ್ಲ. ನಾನು ನೋಡಲು ಹೋಗಿ ಬಾಗಿಲಲ್ಲೇ ಹಿಂದಕ್ಕೆ ಬಂದೆ. ಒಳಗಿನಿಂದ, "ಇಷ್ಟ್ ದೂರ ಬಂದೋನು ಆ ಸಿಮೆಂಟ್ ಬುಟ್ಟಿ ಕೊಟ್ಟು ಹೋಗು" ಎಂದು ಕೂಗಿದ. ಕೊಟ್ಟು ಓಡಿದೆ. ನಿಮ್ಮಮ್ಮ ಮೂರು ಭಾನುವಾರವೂ ಅವನನ್ನು ಬಾಗಿಲ ಹೊರಗೇ ನಿಲ್ಲಿಸಿ ಬಕೆಟ್ಟಿನಲ್ಲಿ ನೀರು ಹೊಯ್ದಳಂತೆ. ಮಗಳು ಏಣಿ ತೊಳೆದಳಲ್ಲ ಎಂದು ಒಂದೇ ಮಾತು ಅಂದನಂತೆ.

ಲಕೋಟೆ ತುಂಬಿದ್ದು ಹಾಗೆ. ಎಲ್ಲ ನೋಟುಗಳನ್ನೂ ಮತ್ತೊಮ್ಮೆ ಮೂಸಿದ್ದರೆ ಕೆಲವಕ್ಕೆ ಬೇರೆ ವಾಸನೆ ಇದ್ದೀತು.

ಯಂತ್ರಕ್ಕೆ ಮತ್ತೆ ಡಬ್ಬಿ ಇಟ್ಟಿದ್ದೇನೆ. ಮಾದರಿ ಇದ್ದ ಹಾಗೆಯೇ ಕತ್ತರಿಸುತ್ತದಂತೆ, ತನ್ನದೇನೂ ಸೇರಿಸುವುದಿಲ್ಲವಂತೆ. ಅಂಥದ್ದೊಂದು ಅಂಗಡಿಯಲ್ಲಿ ಇರಲಿ. ನರ್ಸಮ್ಮನಿಗೆ ಬೇರೆ ಕೀಲಿ ಮಾಡಿಕೊಟ್ಟೆ, ಕಾಸು ತೆಗೆದುಕೊಳ್ಳದೆ.

ನಿಮ್ಮಪ್ಪ ಫೋನನ್ನು ಜೇಬಿನಲ್ಲಿ ಇಡುವುದಿಲ್ಲ, ಕೈಯಲ್ಲಿ ಸಿಮೆಂಟಿರುತ್ತದೆ. ಸಂಜೆ ಆರರ ಮೇಲೆ ಮಾಡು.

ನಿನ್ನ ಮಾವ

ತಾ.ಕ. ನಾನು ಸೋತದ್ದು ಹದಿನೇಳು ಸಾವಿರದ ಎಂಟುನೂರ ನಲವತ್ತು.